ಬೆಟ್ಟದ ರೈಲಿನ ಹೊಸ ಉಗಿ ಎಂಜಿನ್ನು

ನೀಲಗಿರಿಯ ರೈಲಿಗಾಗಿ ಈಚೆಗೆ ಕಟ್ಟಿದ ಉಗಿ ಎಂಜಿನ್ನುಗಳು ಹಳೆಯವುಗಳ ನಕಲಷ್ಟೇ, 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮಾರ್ಗಕ್ಕೆ ಅವು ಶೋಭಿಸುವುದಿಲ್ಲ ಎಂಬ ಆತಂಕವನ್ನು ಕೆಲವರು ಮತ್ತೆ ಮತ್ತೆ ವ್ಯಕ್ತಪಡಿಸುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ತಯಾರಾದ ‘ಎಕ್ಸ್’ ವರ್ಗದ ಎಂಜಿನ್ನುಗಳು ಸವೆದಾಗ, ತಿರುಚಿರಾಪ್ಪಳ್ಳಿಯ ಪೊನ್ಮಲೈ ಕಾರ್ಯಾಗಾರವು 2011ರಿಂದ ಎಣ್ಣೆ ಉರಿಸುವ ನಾಲ್ಕನ್ನೂ, 2021ರಲ್ಲಿ ಕಲ್ಲಿದ್ದಲಿನದೊಂದನ್ನೂ ಅದೇ ವರ್ಗದಲ್ಲಿ ಹೊಸದಾಗಿ ಕಟ್ಟಿತು.

ಕಲ್ಲಾರಿನಿಂದ ಕುನೂರಿನವರೆಗೆ, ಕಡಿದಾದೆಡೆ ಹೆಚ್ಚುಕಡಿಮೆ 12 ಅಡಿಗೆ 1 ಅಡಿ ಏರುವ ದಾರಿಯಲ್ಲಿ ನುಣುಪು ಗಾಲಿ ಜಾರುವುದರಿಂದ, ಹಳಿಗಳ ನಡುವೆ ಎರಡು ಹಲ್ಲಿನ ಪಟ್ಟಿಗಳನ್ನು, ಒಂದರ ಹಲ್ಲಿನೆದುರು ಇನ್ನೊಂದರ ಸಂದು ಬರುವಂತೆ ಜೋಡಿಸಲಾಗಿದೆ. ಹೀಗಾಗಿ ಎಂಜಿನ್ನಿನ ಹಲ್ಲುಗಾಲಿಗೆ, ಅಂದರೆ ಪಿನಿಯನ್ನಿಗೆ, ಹಿಡಿತ ತಪ್ಪುವುದಿಲ್ಲ. ಬಾಯ್ಲರಿನ ಉಗಿಯು ಮೊದಲು ಅಧಿಕ ಒತ್ತಡದ ಸಿಲಿಂಡರುಗಳಲ್ಲಿ ಗಾಲಿಗಳನ್ನು ತಿರುಗಿಸಿ, ಬಳಿಕ ಉಳಿದ ಒತ್ತಡದಿಂದ ಇನ್ನೊಂದು ಜೋಡಿ ಸಿಲಿಂಡರುಗಳಲ್ಲಿ ಪಿನಿಯನ್ನನ್ನು ತಿರುಗಿಸುತ್ತದೆ. ಒಂದೇ ಉಗಿಗೆ ಎರಡು ದುಡಿಮೆ!

ಆದರೆ ಇದೆಲ್ಲಕ್ಕಿಂತ ಮುಖ್ಯವಾದುದು ಬಾಯ್ಲರಿನ ನೀರು. ದಪ್ಪ ತಗಡು ಹಾಕಿದರೆ ಬಾಯ್ಲರ್ ಸುರಕ್ಷಿತವೆಂಬ ನಂಬಿಕೆ ಎಷ್ಟು ವ್ಯಾಪಕವೋ ಅಷ್ಟೇ ತಪ್ಪು. ಬೆಂಕಿ ಉರಿಯುವ ಪೆಟ್ಟಿಗೆಯ ಮೇಲ್ಛಾವಣಿಯ ಮೇಲೆ ಸದಾ ನೀರಿರಬೇಕು. ನೀರು ತಾಪವನ್ನು ಹೀರಿಕೊಳ್ಳುವವರೆಗೆ ಲೋಹ ಗಟ್ಟಿ, ನೀರು ಸರಿದೊಡನೆ ಅದು ಕೆಂಪಗೆ ಕಾಯ್ದು ಮೆತ್ತಗಾಗಿ, ಒತ್ತಡಕ್ಕೆ ಬಾಗಿ ಸಿಡಿಯುತ್ತದೆ. ಇಳಿಜಾರಿನಲ್ಲಿ ನೀರು ತಗ್ಗಿನ ಕಡೆಗೆ ಸರಿಯುವುದರಿಂದ, ಸಮತಟ್ಟಿನಲ್ಲಿ ಸಾಕೆನಿಸುವ ಮಟ್ಟ ಬೆಟ್ಟದಲ್ಲಿ ಸಾಲದು. ಮತ್ತೊಮ್ಮೆ ಹೇಳಬೇಕಾದ ಮಾತಿದು: ಬಾಯ್ಲರನ್ನು ಕಾಯುವುದು ತಗಡಿನ ದಪ್ಪವಲ್ಲ, ನೀರು. ಮೊದಲ ಉಗಿಗೆ ಮುನ್ನ ಬಾಯ್ಲರಿಗೆ ಪೂರ್ತಿ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು ಪರೀಕ್ಷಿಸುವ ಕ್ರಮವನ್ನು ಯಾರೂ ಕೈಬಿಡಬಾರದು. ನೀರು ಉಗಿಯಂತೆ ಹಿಗ್ಗದ ಕಾರಣ, ಆಗ ಬಿರುಕು ಬಿಟ್ಟರೆ ಸೋರುತ್ತದೆಯೇ ಹೊರತು ಸ್ಫೋಟಿಸುವುದಿಲ್ಲ.

ಹೊಸ ಎಂಜಿನ್ನು ಕಟ್ಟಬಯಸುವ ವಸ್ತುಸಂಗ್ರಹಾಲಯಗಳು ಬಣ್ಣ, ಹಿತ್ತಾಳೆಯ ಫಲಕಗಳನ್ನು ಕೊನೆಗಿಟ್ಟು ಬಾಯ್ಲರಿನಿಂದಲೇ ಆರಂಭಿಸಬೇಕು. ಹಳೆಯ ಎಂಜಿನ್ನುಗಳನ್ನು ಸವೆದು ಮುರಿಯುವವರೆಗೆ ದುಡಿಸದೆ ವಿಶ್ರಾಂತಿಗೆ ಬಿಡಲು, ಹೊಸವು ಬೆಟ್ಟವನ್ನು ಹತ್ತಲೇಬೇಕು.