ಫೈನಲ್ ಇಯರ್ ಪ್ರಾಜೆಕ್ಟ್ ಮತ್ತು ನಾನು ಹೇಳದೇ ಉಳಿದ ಮಾತು

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಬಿಇ ಓದಿದ್ದು ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್, ಉತ್ತರ ಕರ್ನಾಟಕದ ಒಂದು ಕಾಲೇಜಿನಲ್ಲಿ. ಆಮೇಲೆ ಎಂಟೆಕ್ ಮಾಡಿ ಈ ಕಡೆ ಬಂದೆ. ನಿಮ್ಮಲ್ಲೂ ಬಹಳ ಜನರ ದಾರಿ ಹೀಗೇ ಇರಬೇಕು. ಅದಕ್ಕೇ ಒಂದು ಪ್ರಶ್ನೆ: ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಏನಿತ್ತು? ಅದರಲ್ಲಿ ನೀವು ನಿಜವಾಗಿ ಮಾಡಿದ್ದೆಷ್ಟು?

ನಗ್ತಾ ಇದೀರಿ. ಉತ್ತರ ಸಿಕ್ತು.

ನಮ್ಮದು 2012ರಲ್ಲಿ ಮುಗೀತು. ನಾಲ್ಕು ಜನರ ತಂಡ. ವಿಷಯ ಕೊಟ್ಟವನು ಹಾವೇರಿ ಕಡೆಯ ಗೆಳೆಯ. ಅವರ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರ್ತಾ ಇದ್ದದ್ದು ರಾತ್ರಿ. ಅವರಪ್ಪ ಬ್ಯಾಟರಿ ಹಿಡಿದು ಹೋಗಿ ಪಂಪ್‌ಸೆಟ್ ಚಾಲೂ ಮಾಡಬೇಕು, ದಾರೀಲಿ ಹಾವಿನ ಭಯ. ಒಂದು ಎಸ್‌ಎಂಎಸ್ ಕಳಿಸಿದ್ರೆ ಮೋಟರ್ ಆನ್ ಆಗಬೇಕು, "ಆನ್ ಆಯ್ತು" ಅಂತ ಉತ್ತರ ಬರಬೇಕು. ಇಷ್ಟೇ ನಮ್ಮ ಗುರಿ.

ಕೆಲಸ ಹಂಚಿಕೊಂಡ್ವಿ. ಜಿಎಸ್‌ಎಂ ಮಾಡ್ಯೂಲ್ ಮತ್ತು ಪ್ರೋಗ್ರಾಂ ನಂದು. ಪವರ್ ಸಪ್ಲೈ ಮತ್ತು ಸ್ಟಾರ್ಟರ್ ಪ್ಯಾನಲ್ ಆ ಗೆಳೆಯಂದು. ಒಂದು ಫೇಸ್ ಹೋದ್ರೆ ಮೋಟರ್ ಸುಡದ ಹಾಗೆ ನೋಡಿಕೊಳ್ಳೋ ಸರ್ಕ್ಯೂಟ್ ಇನ್ನೊಬ್ಬಳದು. ಬೋರ್ಡ್ ಮತ್ತು ರಿಪೋರ್ಟ್ ನಾಲ್ಕನೆಯವನದು. ಮೂರು ತಿಂಗಳು ಎಲ್ಲರೂ ಅವರವರ ಮೂಲೇಲಿ ಕೆಲಸ ಮಾಡಿದ್ವಿ. ಎಲ್ಲರದ್ದೂ ಬೇರೆ ಬೇರೆಯಾಗಿ ಚೆನ್ನಾಗೇ ಓಡ್ತಿತ್ತು.

ಒಂದು ದಿನ ಗೆಳೆಯ ಕೇಳಿದ, "ನಿನ್ನ ಮಾಡ್ಯೂಲ್‌ಗೆ ಎಷ್ಟು ಕರೆಂಟ್ ಬೇಕಲೇ?" ನಾನು ಮಲ್ಟಿಮೀಟರ್ ಇಟ್ಟು ನೋಡಿದೆ. 300 ಮಿಲಿಆಂಪಿಯರ್ ಹತ್ತಿರ ತೋರಿಸ್ತು. "ಅರ್ಧ ಆಂಪಿಯರ್ ಸಾಕು" ಅಂದೆ. ಅವನು ಅಷ್ಟಕ್ಕೇ ಸಪ್ಲೈ ಕಟ್ಟಿದ.

ವೈವಾ ದಿನ ಎಕ್ಸ್‌ಟರ್ನಲ್ ಎದುರಿಗೆ ಎಸ್‌ಎಂಎಸ್ ಕಳಿಸಿದ್ವಿ. ರಿಲೇ ಟಕ್ ಅಂತು, ಮೇಜಿನ ಮೇಲಿದ್ದ ಸಣ್ಣ ಪಂಪ್ ತಿರುಗ್ತು. ಉತ್ತರ ಕಳಿಸೋ ಹೊತ್ತಿಗೆ ಎಲ್ಲಾ ಆಫ್. ಮತ್ತೆ ಆನ್, ಮತ್ತೆ ಆಫ್. ಎಕ್ಸ್‌ಟರ್ನಲ್ ಕೇಳಿದ್ರು: "ಪವರ್ ಸಪ್ಲೈ ಯಾರು ಮಾಡಿದ್ದು?" ಗೆಳೆಯ ಕೈ ಎತ್ತಿದ. ಅವನಿಗೆ ನಮ್ಮೆಲ್ಲರಿಗಿಂತ ಕಡಿಮೆ ಮಾರ್ಕ್ಸ್ ಬಂತು.

ಅವತ್ತು ಸಂಜೆ ಲ್ಯಾಬ್‌ನಲ್ಲಿ ಡೇಟಾಶೀಟ್ ತೆಗೆದು ನೋಡಿದೆ. ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಅರ್ಧ ಮಿಲಿಸೆಕೆಂಡಿನಷ್ಟು ಹೊತ್ತು 2 ಆಂಪಿಯರ್‌ವರೆಗೂ ಎಳೆಯುತ್ತೆ. ಮಲ್ಟಿಮೀಟರ್ ತೋರಿಸೋದು ಸರಾಸರಿ ಮಾತ್ರ. ನಾನು ಟೆಸ್ಟ್ ಮಾಡಿದ್ದು ಲ್ಯಾಬ್‌ನ ದೊಡ್ಡ ಪವರ್ ಸಪ್ಲೈ ಮೇಲೆ, ಅದಕ್ಕೇ ನನಗೆ ತೊಂದರೆ ಕಾಣಲೇ ಇಲ್ಲ. ನಮ್ಮ ಬೋರ್ಡ್‌ನಲ್ಲಿ ವೋಲ್ಟೇಜ್ ಕುಸಿದು ಎಲ್ಲಾ ರೀಸೆಟ್ ಆಗ್ತಿತ್ತು. ಉತ್ತರ ಹೋದ ಮೇಲಷ್ಟೇ ಬಂದ ಎಸ್‌ಎಂಎಸ್ ಅಳಿಸೋ ಹಾಗೆ ಪ್ರೋಗ್ರಾಂ ಬರೆದವನೂ ನಾನೇ. ಹಾಗಾಗಿ ರೀಸೆಟ್ ಆದಾಗಲೆಲ್ಲ ಅದೇ ಮೆಸೇಜ್ ಓದಿ ಮತ್ತೆ ಮೋಟರ್ ಆನ್ ಮಾಡ್ತಿತ್ತು. ಇಂಡಕ್ಷನ್ ಮೋಟರ್ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಇದನ್ನೇ ಅವರಪ್ಪನ ಹೊಲದಲ್ಲಿ ಹಾಕಿದ್ರೆ ವೈಂಡಿಂಗ್ ಸುಟ್ಟು ಹೋಗ್ತಿತ್ತು.

ಎರಡೂ ತಪ್ಪು ನಂದೇ. ಮಾರನೇ ದಿನ ಗೈಡ್ ಹತ್ರ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಇದ್ದವು, ಭಯ ಇತ್ತು. ಅದು ಕಾರಣ, ಸಮರ್ಥನೆ ಅಲ್ಲ.

ಆರು ವರ್ಷ ಆದಮೇಲೆ ಆಫೀಸಲ್ಲಿ ಒಂದು ರಾತ್ರಿ ಸಿಸ್ಟಂ ಬಿತ್ತು. ಕಾಲ್‌ನಲ್ಲಿ ಎಲ್ಲರೂ "ನಮ್ಮ ಸರ್ವಿಸ್ ಸರಿ ಇದೆ" ಅಂತಿದ್ರು. ಹೌದು, ಎಲ್ಲಾ ಸರಿ ಇತ್ತು, ಬೇರೆ ಬೇರೆಯಾಗಿ. ನನಗೆ ಆ ರಿಲೇ ಸದ್ದು ಕೇಳಿಸಿದ ಹಾಗಾಯ್ತು. ಆ ಭಾನುವಾರ ಗೆಳೆಯನಿಗೆ ಫೋನ್ ಮಾಡಿದೆ. ಅವನು ಊರಲ್ಲೇ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದಾನೆ. ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ನನಗ ಮರುದಿನಾನ ಗೊತ್ತಾಗಿತ್ತಲೇ. ನೀನ ಬಂದು ಹೇಳ್ತಿ ಅಂತ ಸುಮ್ಮನಿದ್ದೆ."

ಅದಕ್ಕೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ.

ಈಗ ಶನಿವಾರ ವಿಡಿಯೋ ಕಾಲ್‌ನಲ್ಲಿ ಎಲೆಕ್ಟ್ರಿಕಲ್ ಹುಡುಗ್ರ ಪ್ರಾಜೆಕ್ಟ್ ನೋಡ್ತೀನಿ. ಮೂರೇ ಮಾತು ಕೇಳ್ತೀನಿ. ಒಂದು, ನಿನ್ನ ಭಾಗ ಪಕ್ಕದವರಿಂದ ಏನು ತಗೊಳ್ಳುತ್ತೆ, ಅವರಿಗೆ ಏನು ಕೊಡುತ್ತೆ? ವೋಲ್ಟೇಜ್, ಅತಿ ಹೆಚ್ಚು ಕರೆಂಟ್, ಸಿಗ್ನಲ್, ಎಲ್ಲಾ ಒಂದೇ ಹಾಳೇಲಿ ಬರೆದು ಇಬ್ಬರೂ ಸಹಿ ಮಾಡಿ. ಎರಡು, ಅರ್ಧಂಬರ್ಧ ಇದ್ರೂ ಪರವಾಗಿಲ್ಲ, ಮೊದಲ ತಿಂಗಳಲ್ಲೇ ಎಲ್ಲಾ ಜೋಡಿಸಿ ಓಡಿಸಿ. ಮೂರು, ಪ್ರತಿಯೊಬ್ಬರೂ ಪಕ್ಕದವರ ಭಾಗವನ್ನ ವಿವರಿಸಬೇಕು. ಆಗ "ಇದು ಯಾರು ಮಾಡಿದ್ದು" ಅಂತ ಕೇಳಿದ್ರೆ ಒಂದೇ ಕೈ ಮೇಲೆ ಹೋಗಲ್ಲ.

ನಿಮ್ಮ ಕಾಲೇಜಿನ ಹುಡುಗ್ರು ಫೋನ್ ಮಾಡಿದ್ರೆ ಯಾವ ಲ್ಯಾಂಗ್ವೇಜ್ ಕಲೀಬೇಕು ಅಂತಷ್ಟೇ ಹೇಳಿ ಇಡಬೇಡಿ. ಒಂದು ಗಂಟೆ ಕೊಟ್ಟು ಅವರ ಪ್ರಾಜೆಕ್ಟ್ ನೋಡಿ. ಮತ್ತೆ ನೀವೂ ಯಾರಿಗಾದ್ರೂ ಹೇಳಬೇಕಾದ ಮಾತು ಉಳಿಸಿಕೊಂಡಿದ್ರೆ, ಈ ಭಾನುವಾರ ಫೋನ್ ಮಾಡಿ.