ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಗೆಡ್ಡೆ



ನಾನು ವೈದ್ಯನಲ್ಲ. ವಿಜ್ಞಾನದಲ್ಲಿ ಪದವಿ ಪಡೆದು ದೂರದರ್ಶನಕ್ಕೆ ಕಾರ್ಯಕ್ರಮಗಳನ್ನು ತಯಾರಿಸುವವನು. ಈ ವಿಷಯವನ್ನು ಆರಿಸಿಕೊಳ್ಳಲು ನಮ್ಮ ಮನೆಯೇ ಕಾರಣ. ನನ್ನ ಸೋದರತ್ತೆ ಅಡುಗೆಯಲ್ಲಿ ಎತ್ತಿದ ಕೈ. ಒಂದು ವರ್ಷ ಅವರ ಒಗ್ಗರಣೆ ಪದೇ ಪದೇ ಸೀಯತೊಡಗಿತು. ಹಜಾರದಲ್ಲಿ ಕುಳಿತ ನಮಗೆಲ್ಲ ಬಡಿಯುವ ವಾಸನೆ ಒಲೆಯ ಮುಂದೆ ನಿಂತ ಅವರಿಗೆ ತಿಳಿಯುತ್ತಿರಲಿಲ್ಲ. ಬರಬರುತ್ತಾ ಮಾತು ಕಡಿಮೆಯಾಯಿತು. ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. 'ವಯಸ್ಸಾಯಿತು' ಎಂದೆವು. 'ಉದಾಸೀನ' ಎಂದು ಗದರಿದ್ದೂ ಉಂಟು. ಕೊನೆಗೆ ಕಣ್ಣು ಮಂಜಾದಾಗ ಕನ್ನಡಕ ಬದಲಿಸಲು ಕರೆದೊಯ್ದೆವು. ಕಣ್ಣಿನ ವೈದ್ಯರು ದೃಷ್ಟಿನರ ಊದಿಕೊಂಡಿರುವುದನ್ನು ಕಂಡು, ತಲೆಯ ಸ್ಕ್ಯಾನ್ ಮಾಡಿಸಲು ಹೇಳಿದರು. ತಲೆಬುರುಡೆಯ ಒಳಗೆ, ಮೂಗಿನ ನೇರಕ್ಕೆ ಮೇಲೆ, ಸಣ್ಣ ಕಿತ್ತಳೆಯಷ್ಟು ಗಾತ್ರದ ಗೆಡ್ಡೆಯಿತ್ತು. ಅದರ ಹೆಸರು ಮೆನಿಂಜಿಯೋಮ.

ಮೆದುಳಿನ ಗೆಡ್ಡೆ ಎಂದೊಡನೆ 'ಕ್ಯಾನ್ಸರ್, ಇನ್ನು ಮುಗಿಯಿತು' ಎಂದು ನಾವು ಹೆದರುತ್ತೇವೆ. ಈ ಹೆದರಿಕೆ ಎಷ್ಟರಮಟ್ಟಿಗೆ ಸರಿ?

ನಮ್ಮ ಮೆದುಳನ್ನು ಮೂರು ಪೊರೆಗಳು ಸುತ್ತಿಕೊಂಡಿವೆ. ಹೊರಗಿನದು ದಪ್ಪನೆಯ ಡ್ಯೂರಾ. ನಡುವಿನದು ಜೇಡರ ಬಲೆಯಂಥ ಅರಕ್ನಾಯ್ಡ್. ಒಳಗಿನದು ಮೆದುಳಿಗೆ ಅಂಟಿಕೊಂಡ ತೆಳ್ಳನೆಯ ಪಯಾ. ಮೆನಿಂಜಿಯೋಮ ಹುಟ್ಟುವುದು ನಡುವಿನ ಪೊರೆಯ ಜೀವಕೋಶಗಳಿಂದ. ಆದ್ದರಿಂದ ಇದು ಮೆದುಳಿನ ಒಳಗೆ ಹುಟ್ಟಿದ ಗೆಡ್ಡೆಯಲ್ಲ. ಹೊರಗಿನಿಂದ ಮೆದುಳನ್ನು ಒತ್ತುವ ಗೆಡ್ಡೆ. ವೈದ್ಯರು ಇವನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ. 100ರಲ್ಲಿ ಸುಮಾರು 80 ಗೆಡ್ಡೆಗಳು ಮೊದಲನೆಯ ದರ್ಜೆಯವು. ಇವು ಕ್ಯಾನ್ಸರ್ ಅಲ್ಲ. ಬಹಳ ನಿಧಾನವಾಗಿ ಬೆಳೆಯುತ್ತವೆ. ವೇಗವಾಗಿ ಬೆಳೆದು ಹಾನಿ ಮಾಡುವ ಮೂರನೆಯ ದರ್ಜೆಯವು ತೀರ ಕಡಿಮೆ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ಗೆಡ್ಡೆ ಹೆಚ್ಚು.

ಹಾಗೆಂದು ಇದನ್ನು ಕಡೆಗಣಿಸುವಂತಿಲ್ಲ. ತಲೆಬುರುಡೆ ಹಿಗ್ಗಲಾರದ ಪೆಟ್ಟಿಗೆ. ಒಳಗೆ ಗೆಡ್ಡೆ ಬೆಳೆದರೆ ಮೆದುಳೇ ಜಾಗ ಬಿಟ್ಟುಕೊಡಬೇಕು. ಗೆಡ್ಡೆ ಎಲ್ಲಿದೆ ಎಂಬುದರ ಮೇಲೆ ಲಕ್ಷಣಗಳು ನಿಲ್ಲುತ್ತವೆ. ಒಬ್ಬರಿಗೆ ಫಿಟ್ಸ್ ಬರಬಹುದು, ಇನ್ನೊಬ್ಬರ ಕಾಲು ಬಲಗುಂದಬಹುದು. ನಮ್ಮ ಅತ್ತೆಯ ಗೆಡ್ಡೆ ವಾಸನೆಯ ನರಗಳನ್ನೂ, ಉತ್ಸಾಹ ಮತ್ತು ನಡವಳಿಕೆಗೆ ಸಂಬಂಧಿಸಿದ ಮೆದುಳಿನ ಮುಂಭಾಗವನ್ನೂ ಒತ್ತುತ್ತಿತ್ತು.

ಈ ಗೆಡ್ಡೆಗೆ 1922ರಲ್ಲಿ ಹೆಸರಿಟ್ಟವರು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್. ಅದಕ್ಕೂ ಮುಂಚೆ, 1910ರಲ್ಲಿ, ಅವರು ಸೇನಾಧಿಕಾರಿ ಲೆನಾರ್ಡ್ ವುಡ್ ಅವರ ತಲೆಯಿಂದ ಇಂಥದೇ ಗೆಡ್ಡೆಯನ್ನು ತೆಗೆದಿದ್ದರು. ವುಡ್ ಚೇತರಿಸಿಕೊಂಡು ಅಮೆರಿಕದ ಸೇನೆಯ ಮುಖ್ಯಸ್ಥರಾಗಿ ದುಡಿದರು. 1920ರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗೂ ಪ್ರಯತ್ನಿಸಿದರು. ಆದರೆ ಗೆಡ್ಡೆ ಮತ್ತೆ ಬೆಳೆಯಿತು. 1927ರಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಉಳಿಯಲಿಲ್ಲ. ಗೆಡ್ಡೆಯ ಜೊತೆಗೆ ಅದು ಅಂಟಿಕೊಂಡ ಪೊರೆಯನ್ನೂ ಮೂಳೆಯನ್ನೂ ಎಷ್ಟು ಪೂರ್ಣವಾಗಿ ತೆಗೆಯಲಾಗಿದೆ ಎಂಬುದಕ್ಕೂ ಅದು ಮರುಕಳಿಸುವುದಕ್ಕೂ ಸಂಬಂಧವಿದೆಯೆಂದು 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ತೋರಿಸಿಕೊಟ್ಟರು.

ಇಂದು ಎಂ.ಆರ್.ಐ. ಸ್ಕ್ಯಾನ್ ಗೆಡ್ಡೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಚಿಕಿತ್ಸೆಗೆ ಮುಖ್ಯವಾಗಿ ಮೂರು ದಾರಿಗಳಿವೆ. ಗೆಡ್ಡೆ ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ, ಆಗಾಗ ಸ್ಕ್ಯಾನ್ ಮಾಡಿಸುತ್ತಾ ಕಾಯುವುದು ಮೊದಲನೆಯದು. ಇದೂ ಚಿಕಿತ್ಸೆಯ ಒಂದು ಬಗೆಯೇ. ಎರಡನೆಯದು ತಲೆಬುರುಡೆ ತೆರೆದು ಗೆಡ್ಡೆಯನ್ನು ತೆಗೆಯುವುದು. ಮುಖ್ಯವಾದ ನರ, ರಕ್ತನಾಳಗಳ ಬಳಿ ಇದ್ದರೆ ಸ್ವಲ್ಪ ಭಾಗವನ್ನು ಬಿಡಬೇಕಾಗಬಹುದು. ಮೂರನೆಯದು ವಿಕಿರಣ ಚಿಕಿತ್ಸೆ. ಅನೇಕ ದಿಕ್ಕುಗಳಿಂದ ಕಿರಣಗಳನ್ನು ಒಂದೇ ಬಿಂದುವಿಗೆ ಹಾಯಿಸುವ ಕಲ್ಪನೆಯನ್ನು ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಮುಂದಿಟ್ಟರು. ಗಾಮಾ ನೈಫ್ ಎಂಬ ಯಂತ್ರ ಅದರಿಂದಲೇ ಬಂದದ್ದು. ಹೆಸರಿನಲ್ಲಿ ಚಾಕುವಿದ್ದರೂ ಇದು ಗೆಡ್ಡೆಯನ್ನು ಕತ್ತರಿಸುವುದಿಲ್ಲ. ಅದರ ಬೆಳವಣಿಗೆಯನ್ನು ತಡೆಯುತ್ತದೆ. ಈ ಗೆಡ್ಡೆಯನ್ನು ಕರಗಿಸಿಬಿಡುವ ಮಾತ್ರೆ ಮಾತ್ರ ಇಲ್ಲ. ಹಾಗೆ ಹೇಳುವವರನ್ನು ನಂಬಿ ಕಾಲ ಕಳೆಯಬಾರದು.

ತಲೆನೋವೆಲ್ಲ ಗೆಡ್ಡೆಯಲ್ಲ, ನೀವು ಗಾಬರಿಯಾಗಬೇಕಿಲ್ಲ. ಆದರೆ ಹೊಸದಾಗಿ ಬಂದ ಫಿಟ್ಸ್, ಮಂಜಾಗುತ್ತಿರುವ ದೃಷ್ಟಿ, ಹೆಚ್ಚುತ್ತಲೇ ಹೋಗುವ ತಲೆನೋವು, ಕಾರಣವಿಲ್ಲದೆ ಬದಲಾದ ಸ್ವಭಾವ ಇವನ್ನು ಮನೆಯಲ್ಲಿ ಕಂಡರೆ ವೈದ್ಯರಿಗೆ ತಿಳಿಸಿ.

ಅತ್ತೆಗೆ ಶಸ್ತ್ರಚಿಕಿತ್ಸೆಯಾಯಿತು. ದೃಷ್ಟಿ ಉಳಿಯಿತು, ಮಾತು ಮರಳಿತು. ವಾಸನೆ ಮಾತ್ರ ಮರಳಲಿಲ್ಲ. ಈಗ ಒಗ್ಗರಣೆ ಹಾಕುವಾಗ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಸೀಯ್ತಾ ನೋಡೇ ಪುಟ್ಟಿ" ಎನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ, ನಾವು ಅವರನ್ನು ಗದರಿದ ಆ ವರ್ಷ ನನಗೆ ನೆನಪಾಗುತ್ತದೆ.