ತೂತು ದೊಡ್ಡದು ಮಾಡಬಹುದು, ಚಿಕ್ಕದು ಮಾಡೋಕಾಗಲ್ಲ: ಅಡ್ಜಸ್ಟಬಲ್ ರೀಮರ್ ಕಲಿಸಿದ ಪಾಠ

ಬಸ್ಸಲ್ಲಿ, ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಇವತ್ತು ನನ್ನದೇ ಒಂದು ಎಡವಟ್ಟಿನ ಕಥೆ.

ಅಪ್ಪನ ಹಳೇ ಬುಲೆಟ್‌ನ ಎಂಜಿನ್ ಬಿಚ್ಚಿದ್ದೆ. ಕನೆಕ್ಟಿಂಗ್ ರಾಡ್‌ನ ಮೇಲ್ತುದಿಯಲ್ಲಿ ಒಂದು ಕಂಚಿನ ಬುಷ್ ಇರುತ್ತೆ, ಪಿಸ್ಟನ್ ಪಿನ್ ಅದರೊಳಗೆ ಕೂರುತ್ತೆ. ಅದು ಸವೆದಿತ್ತು. ಹೊಸ ಬುಷ್ ಒತ್ತಿ ಕೂರಿಸಿದೆ. ನೋಡಿದ್ರೆ ಪಿನ್ನೇ ಒಳಗೆ ಹೋಗ್ತಿಲ್ಲ! ಅದೇನೂ ತಪ್ಪಲ್ಲ. ಒತ್ತಿದಾಗ ಬುಷ್‌ನ ತೂತು ಕೊಂಚ ಕಿರಿದಾಗುತ್ತೆ. ಆಮೇಲೆ ರೀಮರ್ ಹಾಕಿ ಪಿನ್ನಿನ ಅಳತೆಗೆ ತರಬೇಕು.

ಚಿಕ್ಕಪೇಟೆಯ ಸಂಡೇ ಬಜಾರ್‌ನಲ್ಲಿ ಗುಜರಿ ರಾಶಿ ಮಧ್ಯೆ ಒಂದು ಸಿಕ್ತು. ಮಾರೋರು ಡ್ರಿಲ್ ಬಿಟ್ ಅಂದ್ರು. ಆದ್ರೆ ಗುರುತು ಸುಲಭ. ಉದ್ದಕ್ಕೆ ಕೊರೆದ ಕಾಲುವೆಗಳಲ್ಲಿ ಬಿಡಿಬಿಡಿಯಾಗಿ ಕೂತ ಬ್ಲೇಡ್‌ಗಳು, ಸಾಮಾನ್ಯವಾಗಿ ಆರು. ಅವುಗಳ ಮೇಲೊಂದು ಕೆಳಗೊಂದು ನಟ್. ಹಿಂತುದಿ ಚೌಕ, ಟ್ಯಾಪ್ ಹ್ಯಾಂಡಲ್ ಹಿಡಿಯೋಕೆ. ಇದನ್ನೇ ಹೋಲೋ ಎಕ್ಸ್‌ಪಾನ್ಷನ್ ರೀಮರ್‌ಗೆ ಬಿಡಿ ಬ್ಲೇಡ್ ಇರಲ್ಲ. ಸೀಳು ಬಿಟ್ಟ ಒಂದೇ ಮೈ, ತುದಿಯಲ್ಲಿ ಸ್ಕ್ರೂ. ಅದು ಹಿಗ್ಗೋದು ತೀರಾ ಕಡಿಮೆ.

ಇಂಚಿನ ಸೆಟ್‌ನಲ್ಲಿ ಎ, ಬಿ, ಸಿ ಅಂತ ಅಕ್ಷರ ಇರುತ್ತೆ. 'ಎ' ಅಂದ್ರೆ ಸುಮಾರು 12ರಿಂದ 13.5 ಮಿಲಿಮೀಟರ್. ನನ್ನ ಪಿನ್ 19.05, ಅಂದ್ರೆ ಮುಕ್ಕಾಲು ಇಂಚು. ಹಳೇದು ತಗೊಳ್ಳೋವಾಗ ಬ್ಲೇಡ್‌ಗಳ ಅಂಚು ಬೆಳಕಿಗೆ ಹಿಡಿದು ನೋಡಿ. ಒಂದು ಮುಕ್ಕಾಗಿದ್ರೂ ಪೂರ್ತಿ ಸೆಟ್ಟೇ ಬದಲಿಸಬೇಕು, ಯಾಕಂದ್ರೆ ಎಲ್ಲವನ್ನೂ ಒಟ್ಟಿಗೆ ಸಾಣೆ ಹಿಡಿದಿರ್ತಾರೆ.

ಇದು ಕೆಲಸ ಮಾಡೋದು ಹೀಗೆ. ಕಾಲುವೆಗಳ ತಳ ಇಳಿಜಾರು. ಹಿಡಿಕೆ ಕಡೆಯ ನಟ್ ಸಡಿಲಿಸಿ, ತುದಿಯ ನಟ್ ಬಿಗಿ ಮಾಡಿದ್ರೆ ಬ್ಲೇಡ್‌ಗಳು ಇಳಿಜಾರು ಹತ್ತುತ್ತವೆ, ಅಳತೆ ಹಿಗ್ಗುತ್ತೆ.

ನಾನು ಎಡವಿದ್ದು ಇಲ್ಲೇ. ಬೇಗ ಮುಗಿಸೋಣ ಅಂತ ಒಂದೇ ಸಲ ಜಾಸ್ತಿ ಹಿಗ್ಗಿಸಿದೆ. ರೀಮರ್ ಅರ್ಧದಲ್ಲಿ ಕಚ್ಚಿಕೊಳ್ತು. ಗಾಬರಿಯಲ್ಲಿ ಹಿಂದಕ್ಕೆ ತಿರುಗಿಸಿದೆ. ತೂತಿನ ತುಂಬಾ ಗೀರು, ಮೇಲಾಗಿ ಪಿನ್ ಅಲುಗಾಡ್ತಿತ್ತು. ಬುಷ್ ಹಾಳು. ಅಪ್ಪ ಏನೂ ಬೈಲಿಲ್ಲ, ಸುಮ್ಮನೆ ಇನ್ನೊಂದು ಬುಷ್‌ಗೆ ದುಡ್ಡು ಕೊಟ್ರು. ಬೈದಿದ್ರೇ ಚೆನ್ನಾಗಿರ್ತಿತ್ತು.

ಎರಡನೇ ಸಲ ಮೊದಲು ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿದೆ, ಪುಡಿ ಒಳಗೆ ಬೀಳಬಾರದಲ್ಲ. ಬ್ಲೇಡ್ ಬುಷ್‌ಗೆ ತಾಗೋವಷ್ಟೇ ಹಿಗ್ಗಿಸಿ, ಎದುರುಬದುರಿನ ಬ್ಲೇಡ್‌ಗಳ ಮೇಲೆ ಮೈಕ್ರೋಮೀಟರ್ ಇಟ್ಟು ಅಳೆದೆ. ರೀಮರ್ ನೇರವಾಗಿ ಹಿಡಿದು, ಪ್ರದಕ್ಷಿಣೆ ಹಾಕೋ ದಿಕ್ಕಲ್ಲೇ ನಿಧಾನಕ್ಕೆ ತಿರುಗಿಸಿದೆ. ಹೊರಗೆ ತೆಗೆಯೋವಾಗಲೂ ಅದೇ ದಿಕ್ಕು. ಪ್ರತಿ ಸಲ 0.02 ಮಿಲಿಮೀಟರ್ ಆಸುಪಾಸು ಹಿಗ್ಗಿಸೋದು, ತೂತು ಒರೆಸೋದು, ಪಿನ್ ಹಾಕಿ ನೋಡೋದು. ಇದು ಕೈ ಕೆಲಸ, ಡ್ರಿಲ್ ಮಷೀನ್‌ಗೆ ಸಿಕ್ಕಿಸೋಕೆ ಹೋಗ್ಲೇಬೇಡಿ.

ಸಂಜೆಯಾಯ್ತು. ಎಣ್ಣೆ ಸವರಿದ ಪಿನ್ನನ್ನ ಅಪ್ಪ ಹೆಬ್ಬೆರಳಲ್ಲಿ ಒತ್ತಿದ್ರು. ಸರಾಗವಾಗಿ ಒಳಗೆ ಹೋಯ್ತು, ಚೂರೂ ಅಲುಗಾಡಲಿಲ್ಲ. "ಈಗ ಹೆಡ್ ಕಟ್ಟು" ಅಂದ್ರು, ಅಷ್ಟೇ.

ನಿಮ್ಮನೆ ಹಳೇ ಡಬ್ಬಿಯಲ್ಲೂ ಇಂಥದ್ದೊಂದು ಇರಬಹುದು, ಹುಡುಕಿ ನೋಡಿ.